ನದಿಯ ಕೆಸರನ್ನು ಪರೀಕ್ಷಿಸುವುದು ಹೇಗೆ: ತುಂಗಭದ್ರೆಯ ಹಿನ್ನೀರಿನಿಂದ ಅಳಿವೆಯ ಚಿಪ್ಪಿಕಲ್ಲಿನವರೆಗೆ

ಎರಡು ಗಾಜಿನ ಬಾಟಲಿ ತಗೊಳ್ಳಿ. ಎರಡರಲ್ಲೂ ಅರ್ಧ ಲೀಟರ್ ಮಳೆನೀರು ಅಥವಾ ಆರ್‌ಓ ನೀರು ತುಂಬಿ. ಹೊಲದ ಎರೆ ಮಣ್ಣನ್ನು ಪುಡಿ ಮಾಡಿ, ಎರಡಕ್ಕೂ ಒಂದೊಂದು ಚಮಚ ಹಾಕಿ. ಒಂದು ಬಾಟಲಿಗೆ ಮಾತ್ರ ಮೂರು ಟೀ ಚಮಚ ಅಡುಗೆ ಉಪ್ಪು ಸೇರಿಸಿ. ಎರಡನ್ನೂ ಚೆನ್ನಾಗಿ ಕುಲುಕಿ ಕಿಟಕಿಯ ಹತ್ತಿರ ಇಡಿ. ಉಪ್ಪು ಹಾಕಿದ ಬಾಟಲಿಯಲ್ಲಿ ಸ್ವಲ್ಪ ಹೊತ್ತಿಗೇ ಮಣ್ಣು ಹಾಲು ಒಡೆದ ಹಾಗೆ ಗುಂಪುಗಟ್ಟಿ ಕೆಳಗೆ ಕೂರುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಉಪ್ಪಿಲ್ಲದ ಬಾಟಲಿ ಮರುದಿನ ಬೆಳಿಗ್ಗೆಯೂ ಕದಡಿಕೊಂಡೇ ಇರುತ್ತದೆ.

ಬೋರ್‌ವೆಲ್ ನೀರು ಮಾತ್ರ ಬಳಸಬೇಡಿ. ನಮ್ಮ ಕಡೆಯ ಬೋರ್ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶವೇ ಉಪ್ಪಿನ ಕೆಲಸ ಮಾಡಿಬಿಡುತ್ತದೆ, ಎರಡು ಬಾಟಲಿಗೂ ವ್ಯತ್ಯಾಸ ಕಾಣಿಸುವುದಿಲ್ಲ.

ಕೊಪ್ಪಳ ಜಿಲ್ಲೆಯ ನಮ್ಮ ಶಾಲೆಯಲ್ಲಿ ಅಳಿವೆಯ ಪಾಠವನ್ನು ನಾನು ಶುರು ಮಾಡುವುದು ಹೀಗೆ. ಸಮುದ್ರ ನೋಡದ ಮಕ್ಕಳೇ ಇಲ್ಲಿ ಜಾಸ್ತಿ. ನದಿ ಸಮುದ್ರ ಸೇರುವ ಜಾಗವನ್ನು ಕರಾವಳಿಯವರು ಅಳಿವೆ ಅನ್ನುತ್ತಾರೆ. ಅಲ್ಲಿ ನಡೆಯುವುದನ್ನೇ ಈ ಬಾಟಲಿ ತೋರಿಸುತ್ತದೆ. ಜೇಡಿಯ ಸಣ್ಣ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲಿ ತೇಲುತ್ತವೆ. ಉಪ್ಪು ಆ ತಳ್ಳಾಟವನ್ನು ಅಡಗಿಸುತ್ತದೆ. ಕಣಗಳು ಅಂಟಿಕೊಂಡು ಭಾರವಾಗಿ ಮುಳುಗುತ್ತವೆ. ನೂರಾರು ಕಿಲೋಮೀಟರ್ ತೇಲಿ ಬಂದ ಮಣ್ಣು ಅಳಿವೆಯಲ್ಲಿ ಕೂರುವುದಕ್ಕೆ ಇದು ದೊಡ್ಡ ಕಾರಣ. ಸೀಸ, ಪಾದರಸ, ಹಳೆಯ ಕೀಟನಾಶಕ, ಎಣ್ಣೆಯ ಅಂಶ ಎಲ್ಲವೂ ಈ ಸಣ್ಣ ಕಣಗಳಿಗೇ ಅಂಟಿಕೊಂಡು ಬರುತ್ತವೆ. ಮಣ್ಣು ಕೂತ ಕಡೆ ಅವೂ ಕೂರುತ್ತವೆ.

ಇದನ್ನು ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಯಾಕೆ ತಿಳಿಯಬೇಕು ಅಂತ ನೀವು ಕೇಳಬಹುದು. ನಮ್ಮ ತುಂಗಭದ್ರೆ ಆಲಂಪುರದ ಹತ್ತಿರ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಂದ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜ್ ದಾಟಿ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ. ಹಾಗಂತ ನಮ್ಮ ಮಣ್ಣೆಲ್ಲ ಸಮುದ್ರಕ್ಕೆ ಹೋಗುತ್ತಿದೆ ಅಂತ ಹೇಳಿದರೆ ತಪ್ಪಾಗುತ್ತದೆ. ದಾರಿಯ ಅಣೆಕಟ್ಟುಗಳು ಅದರ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ಪ್ರವಾಹ ಬಂದಾಗ ತೀರಾ ನಯವಾದ ಕಣಗಳು ಮಾತ್ರ ದೂರ ಸಾಗುತ್ತವೆ. ತುಂಗಭದ್ರಾ ಜಲಾಶಯವನ್ನೇ ನೋಡಿ. 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ 133 ಟಿಎಂಸಿ. ಈಗ ಲೆಕ್ಕಕ್ಕೆ ಹಿಡಿಯುವುದು 105.79 ಟಿಎಂಸಿ. ಉಳಿದ 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಅಂದರೆ ಅಳಿವೆ ಮಾಡುವ ಕೆಲಸವನ್ನು ನಮ್ಮ ಜಲಾಶಯ ಇಲ್ಲೇ ಮಾಡುತ್ತಿದೆ. ಅಲ್ಲಿ ಉಪ್ಪು ಮಣ್ಣನ್ನು ಕೂರಿಸುತ್ತದೆ, ಇಲ್ಲಿ ನಿಂತ ನೀರು.

ಮುಂದೆ ಹೇಳುವ ವಿಧಾನ ಎರಡೂ ಕಡೆ ನಡೆಯುತ್ತದೆ. ವ್ಯತ್ಯಾಸ ಇರುವ ಕಡೆ ಅಲ್ಲಲ್ಲೇ ಹೇಳುತ್ತೇನೆ. ಶಾಲೆಯ ವಿಜ್ಞಾನ ಸಂಘ, ಮೀನುಗಾರರ ಸಂಘ, ಕೆರೆ ಸಮಿತಿ, ಕಾಲೇಜಿನ ಪ್ರಾಜೆಕ್ಟ್, ಯಾರು ಬೇಕಾದರೂ ಮಾಡಬಹುದು.

ಮೊದಲು: ಕೆಸರು ಜೀವಿಗಳಿಗೆ ಏನು ಮಾಡುತ್ತದೆ

ಇದು ಗೊತ್ತಿಲ್ಲದೆ ಮಾದರಿ ತೆಗೆಯಲು ಹೋದರೆ ಏನು ಹುಡುಕುತ್ತಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಎಲ್ಲಕ್ಕಿಂತ ಸರಳವಾದ ತೊಂದರೆ ಹೂತು ಹೋಗುವುದು. ನಯವಾದ ಮಣ್ಣು ಒಮ್ಮೆಲೇ ಬಂದು ಕೂತರೆ ಚಿಪ್ಪಿಕಲ್ಲು, ಹುಳು, ಮೀನಿನ ಮೊಟ್ಟೆ ಎಲ್ಲ ಅದರಡಿ ಮುಚ್ಚಿಹೋಗುತ್ತವೆ. ಚಿಪ್ಪಿಕಲ್ಲು ಅಂದರೆ ಎರಡು ಚಿಪ್ಪಿನ ನಡುವೆ ಬದುಕುವ, ನೀರನ್ನು ಸೋಸಿಯೇ ಊಟ ಮಾಡುವ ಜೀವಿ. ಸೋಸುವ ಜರಡಿಯೇ ಧೂಳಿನಿಂದ ಕಟ್ಟಿಕೊಂಡರೆ ಹೊಟ್ಟೆಗೆ ಏನು ಹೋಗಬೇಕು? ಗೋವಾದ ಮಾಂಡೋವಿ, ಜುವಾರಿ ಅಳಿವೆಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರನ್ನು ದೊಡ್ಡ ದೋಣಿಗಳಲ್ಲಿ ಬಂದರಿಗೆ ಸಾಗಿಸಿದರು. ಅಲ್ಲಿನ ತಳದ ಕೆಸರಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಏರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಸಂಡೂರಿನ ಕೆಂಪು ಧೂಳು ಎಲೆಯ ಮೇಲೆ ಕೂತಿದ್ದನ್ನು ನೋಡಿದವರಿಗೆ ಆ ಅಳಿವೆಯ ತಳ ಹೇಗಿರಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬಳ್ಳಾರಿಯ ಅದಿರೂ 2010ರವರೆಗೆ ಲಾರಿಗಳಲ್ಲಿ ಘಟ್ಟ ಇಳಿದು ಉತ್ತರ ಕನ್ನಡದ ಬೇಲೆಕೇರಿ ಬಂದರಿಗೆ ಹೋಗುತ್ತಿತ್ತು.

ಎರಡನೆಯದು ಉಸಿರು. ಚರಂಡಿ ನೀರು, ಕೊಳೆತ ಎಲೆ, ಗೊಬ್ಬರದಿಂದ ಬೆಳೆದು ಸತ್ತ ಪಾಚಿ ತಳಕ್ಕೆ ಇಳಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೆಲ್ಲ ತಿಂದುಬಿಡುತ್ತವೆ. ಆಮೇಲೆ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳ ಸರದಿ. ಅವು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಅದು ಜೀವಿಗಳಿಗೆ ನೇರ ವಿಷ. ಸಮುದ್ರದ ನೀರಿನಲ್ಲಿ ಸಲ್ಫೇಟ್ ತುಂಬಾ ಇರುವುದರಿಂದ ಅಳಿವೆಯಲ್ಲಿ ಇದು ಸಿಹಿನೀರಿಗಿಂತ ಜೋರು.

ಮೂರನೆಯದು ಲೋಹಗಳು. ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಸರಿನಲ್ಲಿರುವ ಲೋಹವೆಲ್ಲ ಜೀವಿಯ ಮೈಗೆ ಹೋಗುವುದಿಲ್ಲ. ಕಪ್ಪು ಕೆಸರಿನ ಸಲ್ಫೈಡ್ ಸೀಸ, ಕ್ಯಾಡ್ಮಿಯಂ, ತಾಮ್ರ, ಸತುವನ್ನು ಕಟ್ಟಿಹಾಕುತ್ತದೆ. ಕೆಸರಿನ ಕಣಗಳ ನಡುವಿನ ನೀರಿನಲ್ಲಿ ಕರಗಿರುವ ಲೋಹವೇ ಹೆಚ್ಚು ಅಪಾಯ. ಆದರೆ ಆ ಕಪ್ಪು ಕೆಸರನ್ನು ಜೆಸಿಬಿ ಹಾಕಿ ಕಲಕಿದಿರಿ ಅಂತ ಇಟ್ಟುಕೊಳ್ಳಿ. ಗಾಳಿ ತಾಗಿ ಸಲ್ಫೈಡ್ ಒಡೆಯುತ್ತದೆ, ಕಟ್ಟಿದ್ದ ಲೋಹ ಬಿಡುಗಡೆಯಾಗುತ್ತದೆ. ಸಿಹಿನೀರಿನ ಕೆರೆಯಲ್ಲಿ ಇನ್ನೊಂದು ತಿರುವು ಇದೆ. ಅಲ್ಲಿ ಆರ್ಸೆನಿಕ್ ಮತ್ತು ರಂಜಕವನ್ನು ತುಕ್ಕಿನಂಥ ಕಬ್ಬಿಣದ ಆಕ್ಸೈಡ್ ಹಿಡಿದಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದರೆ ಆ ಕಬ್ಬಿಣ ಕರಗಿ, ಹಿಡಿದಿದ್ದನ್ನು ಬಿಟ್ಟುಬಿಡುತ್ತದೆ. ಕೆಲವು ವರ್ಷ ಜಲಾಶಯದ ನೀರು ಹಸಿರಾಗುವುದನ್ನು ನೀವೂ ನೋಡಿರಬಹುದು. ಪಾಚಿಗೆ ಬೇಕಾದ ರಂಜಕ ಮೇಲಿನಿಂದ ಹರಿದು ಬರುವುದು ಮಾತ್ರವಲ್ಲ, ಕೆಳಗಿನ ಕೆಸರಿನಿಂದಲೂ ಏಳಬಲ್ಲದು.

ಪಾದರಸದ ಕಥೆ ಬೇರೆ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮಿಥೈಲ್ ಪಾದರಸ ಮಾಡುತ್ತವೆ. ಅದು ಹುಳುವಿನಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಹೋಗುತ್ತಾ ಪ್ರತಿ ಮೆಟ್ಟಿಲಿಗೂ ದಟ್ಟವಾಗುತ್ತದೆ. ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಮೀನು, ಚಿಪ್ಪಿಕಲ್ಲು ತಿಂದ ಜನರ ನರಗಳು ಹಾಳಾಗಿದ್ದು 1956ರಲ್ಲಿ ಬೆಳಕಿಗೆ ಬಂತು. ಅಲ್ಲಿ ಕಾರ್ಖಾನೆಯಿಂದ ಮಿಥೈಲ್ ಪಾದರಸವೇ ನೇರವಾಗಿ ಕೊಲ್ಲಿಗೆ ಹೋಗಿತ್ತು. ಅದು ನಿಂತ ಮೇಲೂ ತಳದ ಕೆಸರು ಉಳಿಯಿತು. ಅದನ್ನು ಎತ್ತಿ ಹೂಳುವ ಕೆಲಸ 1977ರಿಂದ 1990ರವರೆಗೆ ನಡೆಯಿತು.

ಇನ್ನೊಂದು ಉದಾಹರಣೆ ಹೇಳಲೇಬೇಕು. ಹಡಗಿನ ತಳಕ್ಕೆ ಜೀವಿಗಳು ಅಂಟಬಾರದು ಅಂತ ಟಿಬಿಟಿ ಎಂಬ ತವರದ ಸಂಯುಕ್ತ ಇರುವ ಬಣ್ಣ ಬಳಿಯುತ್ತಿದ್ದರು. ಅದು ಬಂದರಿನ ಕೆಸರಿಗೆ ಸೇರಿ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಯುವಂತೆ ಮಾಡಿತು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯ ಸಿಂಪಿಗಳ ಚಿಪ್ಪು ವಿಕಾರವಾಯಿತು, ಮರಿಗಳು ಉಳಿಯಲಿಲ್ಲ. ಫ್ರಾನ್ಸ್ 1982ರಲ್ಲಿ ನಿರ್ಬಂಧ ಹಾಕಿತು. ಜಗತ್ತಿನ ಹಡಗುಗಳಿಗೆಲ್ಲ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಒಂದು ಲೀಟರ್ ನೀರಿನಲ್ಲಿ ಗ್ರಾಂನ ನೂರು ಕೋಟಿಯ ಒಂದು ಭಾಗದಷ್ಟು ಇದ್ದರೂ ಸಾಕು, ಶಂಖದ ಹುಳುವಿಗೆ ತೊಂದರೆ ಆಗುತ್ತದೆ.

ಹೆಜ್ಜೆ 1: ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ

'ನಮ್ಮ ನದಿ ಕೆಟ್ಟಿದೆಯಾ?' ಅನ್ನುವುದು ಉತ್ತರ ಸಿಗದ ಪ್ರಶ್ನೆ. 'ಊರಿನ ಚರಂಡಿ ಸೇರುವ ಜಾಗದ ಕೆಳಗೆ ಕೆಸರಿನ ಹುಳುಗಳು ಮೇಲಿಗಿಂತ ಕಡಿಮೆಯಾ?' ಅನ್ನುವುದಕ್ಕೆ ಉತ್ತರ ಹುಡುಕಬಹುದು. ಪ್ರಶ್ನೆ ನಿಮ್ಮ ಜಾಗವನ್ನು ನೋಡಿ ಹುಟ್ಟಬೇಕು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳ ಬಸಿ ನೀರು ಹಳ್ಳಕ್ಕೆ ಬರುವ ಕಡೆ ಕೀಟನಾಶಕ ಮತ್ತು ರಂಜಕ ಎಷ್ಟಿದೆ ಅಂತ ಕೇಳಿ. ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರ ಇರುವ ಕಡೆ ಕಲ್ಲಿದ್ದಲಿನ ಹಾರುಬೂದಿಯನ್ನು ನೆನಪಿಡಿ. ಬೂದಿಯಲ್ಲಿ ಆರ್ಸೆನಿಕ್, ಸೆಲೆನಿಯಂ, ಕ್ರೋಮಿಯಂ ಇರುವುದು ಸಾಮಾನ್ಯ. ಸಂಡೂರು, ಬಳ್ಳಾರಿ ಕಡೆ ಕಬ್ಬಿಣ ಮತ್ತು ಮ್ಯಾಂಗನೀಸ್. ಚಿನ್ನದ ಗಣಿ ಇರುವ ಹಟ್ಟಿ ಕಡೆ ಆರ್ಸೆನಿಕ್ ಸಿಕ್ಕರೆ ಬೆಚ್ಚಿಬೀಳುವ ಮೊದಲು ಯೋಚಿಸಿ, ಚಿನ್ನ ಇರುವ ಅಲ್ಲಿನ ಬಂಡೆಯಲ್ಲೇ ಆರ್ಸೆನಿಕ್ ಖನಿಜ ಸಹಜವಾಗಿ ಇದೆ.

ಹೆಜ್ಜೆ 2: ಜಾಗ ಮತ್ತು ಕಾಲ

ಕಡಿಮೆ ಅಂದರೂ ಮೂರು ಜಾಗ ಬೇಕು. ಅನುಮಾನ ಇರುವ ಜಾಗ, ಅದರ ಕೆಳಗಿನ ಒಂದು ಜಾಗ, ಅದರ ಮೇಲೆ ಯಾವ ಗಲೀಜೂ ಸೇರದ ಒಂದು ಜಾಗ. ಮೂರನೆಯದಿಲ್ಲದೆ ಉಳಿದೆರಡರ ಅಂಕಿ ಏನನ್ನೂ ಹೇಳುವುದಿಲ್ಲ. ನದಿಯ ನಡುವಿನ ಮರಳನ್ನು ತೆಗೆಯಬೇಡಿ. ಮರಳಿಗೆ ವಿಷ ಅಂಟುವುದು ಕಡಿಮೆ. ನೀರು ನಿಧಾನವಾಗುವ ತಿರುವಿನ ಒಳಮೈ, ಬಂಡೆಯ ಹಿಂದಿನ ಮಡು, ಹಿನ್ನೀರಿನ ಮೂಲೆ ನೋಡಿ. ಬೆರಳಿನ ನಡುವೆ ಉಜ್ಜಿದರೆ ಬೆಣ್ಣೆಯ ಹಾಗೆ ಜಾರುವ ರಾಡಿ ನಿಮಗೆ ಬೇಕಾದದ್ದು.

ಮೂರೂ ಜಾಗದ ಕೆಸರು ಒಂದೇ ತರದ ನಯ ಇರಬೇಕು. ಒಂದು ಕಡೆ ಮರಳು, ಇನ್ನೊಂದು ಕಡೆ ಜೇಡಿ ತಂದು ಹೋಲಿಸಿದರೆ ನೀವು ಅಳೆದದ್ದು ಮಾಲಿನ್ಯವನ್ನಲ್ಲ, ಕಣದ ಗಾತ್ರವನ್ನು.

ನಮ್ಮಲ್ಲಿ ಫೆಬ್ರವರಿಯಿಂದ ಮೇ ಒಳ್ಳೆಯ ಕಾಲ. ಹಿನ್ನೀರು ಸರಿದು ತಳ ಹತ್ತಿರ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ನವೆಂಬರ್‌ನಲ್ಲಿ ಇನ್ನೊಮ್ಮೆ ತೆಗೆದರೆ ಹೊಸದಾಗಿ ಏನು ಬಂತು ಅನ್ನುವುದು ತಿಳಿಯುತ್ತದೆ. ಅಳಿವೆಯಲ್ಲಾದರೆ ಸಮುದ್ರದ ಇಳಿತದ ಹೊತ್ತಿಗೆ ಹೋಗಬೇಕು, ಜೊತೆಗೆ ಆ ಕ್ಷಣದ ನೀರಿನ ಉಪ್ಪಿನಂಶ ಅಳೆದು ಬರೆದಿಡಬೇಕು. ನೂರು ಮೀಟರ್ ಆಚೀಚೆ ಆದರೂ ಅಲ್ಲಿ ಉಪ್ಪು ಬದಲಾಗುತ್ತದೆ, ಉಪ್ಪಿನ ಜೊತೆ ಜೀವಿಗಳೂ ಬದಲಾಗುತ್ತವೆ. ಹುಳು ಕಡಿಮೆ ಇದ್ದದ್ದು ವಿಷದಿಂದಲೋ ಉಪ್ಪಿನಿಂದಲೋ ಅಂತ ಆಮೇಲೆ ತಲೆ ಕೆಡಿಸಿಕೊಳ್ಳುವುದು ಬೇಡ.

ಅನುಮತಿಯ ವಿಷಯದಲ್ಲಿ ಅಸಡ್ಡೆ ಬೇಡ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯನ್ನು ಕೇಳಿಯೇ ಇಳಿಯಿರಿ. ಅಣೆಕಟ್ಟಿನ ಹತ್ತಿರದ ನಿಷೇಧಿತ ಜಾಗಕ್ಕೆ ಹೋಗಲೇಬೇಡಿ. ಕೃಷ್ಣೆ, ತುಂಗಭದ್ರೆ ಎರಡರಲ್ಲೂ ಮೊಸಳೆ ಇವೆ. ಒಣಗಿದಂತೆ ಕಾಣುವ ಹಿನ್ನೀರಿನ ಕೆಸರು ಮೇಲೆ ಹೆಪ್ಪುಗಟ್ಟಿದ್ದರೂ ಒಳಗೆ ಮೆತ್ತಗಿರುತ್ತದೆ, ತೊಡೆಯವರೆಗೂ ಹೂತುಹೋಗಬಹುದು. ಒಬ್ಬರೇ ಹೋಗಬಾರದು. ಸೊಂಟಕ್ಕೆ ಹಗ್ಗ, ಕಾಲಡಿ ಒಂದು ಹಲಗೆ, ದಡದಲ್ಲಿ ಹಗ್ಗ ಹಿಡಿದ ಇನ್ನೊಬ್ಬರು ಇರಲೇಬೇಕು. ಮಕ್ಕಳು ದಡದಲ್ಲೇ ಇರಲಿ. ಎಲ್ಲಿ ಹೆಜ್ಜೆ ಇಡಬಹುದು ಅನ್ನುವುದು ಅಲ್ಲಿನ ಮೀನುಗಾರರಿಗೆ ಗೊತ್ತಿರುತ್ತದೆ. ನಮ್ಮ ಜೊತೆ ಹರಿಗೋಲಿನಲ್ಲಿ ಬಂದ ಕಾಕಾ ಒಬ್ಬರು ದೂರದಿಂದಲೇ ಕೈ ತೋರಿಸಿ, 'ಅಲ್ಲಿ ಕಾಲ ಇಡಬ್ಯಾಡ್ರಿ ಸರ, ಅದು ಒಳಗ ಎಳೀತೈತಿ' ಅಂದರು. ನನ್ನ ಕಣ್ಣಿಗೆ ಆ ಜಾಗ ಗಟ್ಟಿ ನೆಲದ ಹಾಗೇ ಕಂಡಿತ್ತು.

ಹೆಜ್ಜೆ 3: ಸಾಮಾನು

ಎರಡು ಇಂಚಿನ ಪಾರದರ್ಶಕ ಅಥವಾ ಬಿಳಿ ಪಿವಿಸಿ ಪೈಪ್, ಎರಡು ಅಡಿ ಉದ್ದದ್ದು. ಅದರ ಎರಡೂ ಬಾಯಿಗೆ ಗಟ್ಟಿಯಾಗಿ ಕೂರುವ ಮುಚ್ಚಳ. ಪ್ಲಾಸ್ಟಿಕ್ ಚಮಚ, ಪ್ಲಾಸ್ಟಿಕ್ ಬೋಗುಣಿ, ಜಿಪ್ ಇರುವ ಚೀಲ, ಕೈಗವಸು, ಐಸ್ ತುಂಬಿದ ಡಬ್ಬಿ, ಪೆನ್ಸಿಲ್. ಪೆನ್ನಿನ ಶಾಯಿ ಒದ್ದೆಯಲ್ಲಿ ಅಳಿಸುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ.

ಲೋಹ ಪರೀಕ್ಷೆಗೆ ಲೋಹದ ಸಾಮಾನು ತಾಗಬಾರದು. ಕೀಟನಾಶಕ ಪರೀಕ್ಷೆಗೆ ಪ್ಲಾಸ್ಟಿಕ್ ತಾಗಬಾರದು, ಅದಕ್ಕೆ ಸ್ಟೀಲ್ ಚಮಚ ಮತ್ತು ಬಣ್ಣದ ಗಾಜಿನ ಬಾಟಲಿ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ವರ್ಷ ಕೆಸರನ್ನು ಶಾಲೆಯ ತಗಡಿನ ಬಕೆಟ್‌ನಲ್ಲಿ ಕಲಸಿದೆವು. ಮೂರೂ ಜಾಗದಲ್ಲಿ ಸತು ಏರಿ ಬಂತು, ಶುದ್ಧ ಅಂತ ಆರಿಸಿದ ಜಾಗದಲ್ಲೂ. ಬಕೆಟ್‌ನ ತಗಡಿಗೆ ತುಕ್ಕು ಹಿಡಿಯದಿರಲಿ ಅಂತ ಬಳಿದಿದ್ದೇ ಸತು. ಒಂದು ವರ್ಷದ ಕೆಲಸ ಹಾಗೆ ಹೋಯಿತು. ಮಕ್ಕಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು.

ಹೆಜ್ಜೆ 4: ಮಾದರಿ ತೆಗೆಯುವುದು

ಹರಿವಿನ ಕೆಳಗಿನಿಂದ ಮೇಲಕ್ಕೆ ಮುಖ ಮಾಡಿ ನಡೆಯಿರಿ. ನಿಮ್ಮ ಕಾಲು ಕಲಕಿದ ಕೆಸರು ಹಿಂದಕ್ಕೆ ಹೋಗಲಿ, ಮುಂದಿನದು ಹಾಗೇ ಇರಲಿ. ಇತ್ತೀಚಿನ ಮಾಲಿನ್ಯ ಬೇಕಾದರೆ ಮೇಲಿನ ಎರಡರಿಂದ ಐದು ಸೆಂಟಿಮೀಟರ್ ಕೆಸರು ಸಾಕು, ಹೆಚ್ಚಿನ ಜೀವಿಗಳು ಇರುವುದೂ ಅಲ್ಲೇ. ಒಂದೇ ಕಡೆ ತೆಗೆಯಬೇಡಿ. ಹತ್ತು ಹೆಜ್ಜೆಯ ಒಳಗೆ ಐದು ಕಡೆ ತೆಗೆದು, ಬೋಗುಣಿಯಲ್ಲಿ ಕಲಸಿ, ಅದರಿಂದ ಅರ್ಧ ಕಿಲೋ ತುಂಬಿ.

ಹಳೆಯ ಕಾಲದ ಲೆಕ್ಕ ಬೇಕಾದರೆ ಪೈಪನ್ನು ನೇರವಾಗಿ ಕೆಸರಿಗೆ ಒತ್ತಿ, ಮೇಲಿನ ಬಾಯಿ ಮುಚ್ಚಿ, ನಿಧಾನವಾಗಿ ಎಳೆಯಿರಿ. ಬಾವಿಗೆ ಬಿಟ್ಟ ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ನೀರು ನಿಲ್ಲುವ ಹಾಗೆ ಕೆಸರೂ ಒಳಗೇ ನಿಲ್ಲುತ್ತದೆ. ಕೆಳಗಿನ ಬಾಯಿ ನೀರಿನಿಂದ ಹೊರಗೆ ಬರುವ ಮೊದಲೇ ಮುಚ್ಚಿ. ಆ ಎರಡು ಅಡಿಯಲ್ಲಿ ಮೇಲಿನದು ಈ ವರ್ಷದ್ದು, ಕೆಳಗೆ ಹೋದಷ್ಟೂ ಹಳೆಯದು. ಎರಡೆರಡು ಸೆಂಟಿಮೀಟರ್‌ಗೆ ಕತ್ತರಿಸಿ ಬೇರೆ ಬೇರೆ ಚೀಲಕ್ಕೆ ಹಾಕಿ.

ಚೀಲದೊಳಗೊಂದು, ಹೊರಗೊಂದು ಚೀಟಿ. ಜಾಗ, ದಿನ, ಗಂಟೆ, ನೀರಿನ ಆಳ, ಮೇಲಿನ ಬಣ್ಣ, ವಾಸನೆ ಬರೆಯಿರಿ. ಐಸ್ ಡಬ್ಬಿಗೆ ಹಾಕಿ. ಏಪ್ರಿಲ್‌ನ ರಾಯಚೂರಿನ ಬಿಸಿಲಿನಲ್ಲಿ ಬೈಕಿನ ಮೇಲೆ ಎರಡು ತಾಸು ತಂದರೆ ಮಾದರಿ ಬೆಂದೇಹೋಗುತ್ತದೆ. ಪಾದರಸ ನೋಡುವುದಿದ್ದರೆ ಒಲೆಯಲ್ಲಿ ಒಣಗಿಸಬೇಡಿ, ಅದು ಹಾರಿಹೋಗುತ್ತದೆ.

ಹೆಜ್ಜೆ 5: ಕಣ್ಣು, ಮೂಗು, ಬೆರಳು

ಪೈಪಿನಿಂದ ತೆಗೆದ ಕೆಸರಿನಲ್ಲಿ ಮೇಲೆ ಕಂದು ಪದರ, ಕೆಳಗೆ ಬೂದು ಅಥವಾ ಕಪ್ಪು ಕಾಣುತ್ತದೆ. ಕಂದು ಇರುವಷ್ಟು ಆಳಕ್ಕೆ ಆಮ್ಲಜನಕ ಹೋಗಿದೆ ಅಂತ ಅರ್ಥ. ಅದನ್ನು ಸ್ಕೇಲ್ ಇಟ್ಟು ಅಳೆಯಿರಿ. ಹುಳುಗಳು ಬಿಲ ಕೊರೆದು ಗಾಳಿ ಆಡಿಸುವ ಆರೋಗ್ಯದ ತಳದಲ್ಲಿ ಆ ಪದರ ಕೆಲವು ಸೆಂಟಿಮೀಟರ್ ಇರುತ್ತದೆ. ಚರಂಡಿ ಸೇರುವ ಕಡೆ ಮೇಲಿನಿಂದಲೇ ಕಪ್ಪು. ಆ ಕಪ್ಪು ಕಬ್ಬಿಣದ ಸಲ್ಫೈಡ್. ಗಾಳಿಗೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಂದು ತಿರುಗುತ್ತದೆ. ಮಕ್ಕಳಿಗೆ ಇದನ್ನು ತೋರಿಸಲೇಬೇಕು, ಕಲಕಿದರೆ ಏನಾಗುತ್ತದೆ ಅನ್ನುವ ಪಾಠ ಅವರ ಕಣ್ಣೆದುರೇ ನಡೆಯುತ್ತದೆ. ವಾಸನೆ ನೋಡುವಾಗ ಮೂಗಿಟ್ಟು ಎಳೆಯಬೇಡಿ, ದೂರದಿಂದ ಕೈಯಾಡಿಸಿ ನೋಡಿ.

ಕಣದ ಗಾತ್ರಕ್ಕೆ ಉದ್ದನೆಯ ಬಾಟಲಿ ಸಾಕು. ಕಾಲು ಭಾಗ ಕೆಸರು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಕುಲುಕಿ ಇಡಿ. ಒಂದು ನಿಮಿಷದೊಳಗೆ ಕೂತದ್ದು ಮರಳು. ಮುಂದಿನ ಕೆಲವು ಗಂಟೆಯಲ್ಲಿ ಕೂತದ್ದು ಗೋಡುಮಣ್ಣಿನಂಥ ನಯ. ಆಮೇಲೂ ತೇಲುವುದು ಜೇಡಿ. ಲ್ಯಾಬಿನವರ ಲೆಕ್ಕದಲ್ಲಿ 63 ಮೈಕ್ರಾನ್‌ಗಿಂತ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಸಣ್ಣದೆಲ್ಲ ನಯದ ಪಾಲು, ವಿಷ ಹೊರುವ ಪಾಲು.

ಹೆಜ್ಜೆ 6: ಜೀವಿಗಳ ಎಣಿಕೆ

ನನಗೆ ತುಂಬಾ ಇಷ್ಟದ ಹೆಜ್ಜೆ ಇದು. ದುಡ್ಡು ಬೇಕಿಲ್ಲ, ತಾಳ್ಮೆ ಬೇಕು.

ಒಂದು ಲೀಟರ್ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ನೀರು ಬಿಟ್ಟು ತೊಳೆಯಿರಿ. ಹಿಟ್ಟಿನ ಸಾಣಿಗೆ ಹತ್ತಿರ ಬರುತ್ತದೆ, ರವೆಯ ಸಾಣಿಗೆಯ ಕಣ್ಣು ದೊಡ್ಡದಾಯಿತು. ಉಳಿದದ್ದನ್ನು ಬಿಳಿ ತಟ್ಟೆಗೆ ಸುರಿದು ಸ್ವಲ್ಪ ನೀರು ಹಾಕಿ ಸುಮ್ನೆ ಕಾಯಿರಿ. ಐದು ನಿಮಿಷದಲ್ಲಿ ತಟ್ಟೆ ಅಲುಗಾಡಲು ಶುರುವಾಗುತ್ತದೆ.

ಸಿಹಿನೀರಿನಲ್ಲಿ ಮೂರು ಬಾಲದ ಮೇ ನೊಣದ ಮರಿ ಸಿಕ್ಕರೆ ಒಳ್ಳೆಯ ಸುದ್ದಿ, ಅದಕ್ಕೆ ಆಮ್ಲಜನಕ ಚೆನ್ನಾಗಿ ಬೇಕು. ಬಸವನಹುಳು, ಸಿಹಿನೀರಿನ ಚಿಪ್ಪು, ಸಣ್ಣ ಸೀಗಡಿ ಬೆರೆತು ಸಿಕ್ಕರೂ ಒಳ್ಳೆಯದೇ. ರಕ್ತದಂತೆ ಕೆಂಪಗಿರುವ ಸಣ್ಣ ಹುಳು ಕೈರೊನೊಮಸ್, ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಒಂದು ಕೀಟದ ಮರಿ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅದಕ್ಕೂ ಇದೆ, ಹಾಗಾಗಿ ಉಸಿರುಗಟ್ಟುವ ಕೆಸರಲ್ಲೂ ಬದುಕುತ್ತದೆ. ಅಕ್ವೇರಿಯಂ ಮೀನಿಗೆ ಹಾಕುವ ಟ್ಯೂಬಿಫೆಕ್ಸ್ ಹುಳುವೂ ಹಾಗೇ. ಈ ಎರಡೇ ಸಾವಿರಗಟ್ಟಲೆ ಇದ್ದು ಬೇರೆ ಏನೂ ಇಲ್ಲದಿದ್ದರೆ ತಳ ಚರಂಡಿಯಾಗಿದೆ ಅಂತ ಅರ್ಥ. ಅಳಿವೆಯಲ್ಲಿ ಇದೇ ಜಾಗವನ್ನು ಕ್ಯಾಪಿಟೆಲ್ಲಾ ಎಂಬ ಹುಳು ಹಿಡಿಯುತ್ತದೆ. ಎಲ್ಲೆಲ್ಲಿ ಕೊಳೆ ತುಂಬಿ ಬೇರೆಯವರು ಸಾಯುತ್ತಾರೋ ಅಲ್ಲಿ ಅದು ತುಂಬಿಕೊಳ್ಳುತ್ತದೆ.

ಎಷ್ಟು ಹುಳು ಅನ್ನುವುದಕ್ಕಿಂತ ಎಷ್ಟು ಬಗೆ ಅನ್ನುವುದು ಮುಖ್ಯ. ಏನೂ ಸಿಗದ ತಟ್ಟೆ ಎಲ್ಲಕ್ಕಿಂತ ಕೆಟ್ಟದ್ದು. ಕೊಳೆ ಇದ್ದರೆ ಹುಳು ಹೆಚ್ಚುತ್ತವೆ, ವಿಷ ಇದ್ದರೆ ಅವೂ ಇರುವುದಿಲ್ಲ. ಕೈರೊನೊಮಸ್ ಸಿಕ್ಕರೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ತಲೆಯ ಕೆಳಗಿನ ಹಲ್ಲಿನ ಸಾಲು ನೋಡಿ. ಲೋಹ ಅಥವಾ ಕೀಟನಾಶಕದ ಕೆಸರಲ್ಲಿ ಬೆಳೆದವುಗಳಲ್ಲಿ ಹಲ್ಲು ಮುರಿದೋ ಅಂಟಿಯೋ ಇರುವುದು ಜಾಸ್ತಿ. ಎಣಿಸಿದ ಮೇಲೆ ಜೀವಿಗಳನ್ನು ತಂದಲ್ಲಿಗೇ ಬಿಡಿ.

ಹೆಜ್ಜೆ 7: ಲ್ಯಾಬಿಗೆ ಕೊಡುವಾಗ ಕೇಳಬೇಕಾದದ್ದು

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ನೋಡಿ. ಆ ಮಾನ್ಯತೆ ಕೆಸರಿನ ಪರೀಕ್ಷೆಗೆ ಇದೆಯಾ, ನೀರಿಗೆ ಮಾತ್ರವಾ ಅಂತ ಕೇಳಿ. ಲೋಹಗಳ ಜೊತೆ ಅಲ್ಯೂಮಿನಿಯಂ ಮತ್ತು ಸಾವಯವ ಇಂಗಾಲ ಎರಡನ್ನೂ ಕೇಳಿ, ಅಲ್ಯೂಮಿನಿಯಂ ಇಲ್ಲದಿದ್ದರೆ ಮುಂದಿನ ಹೆಜ್ಜೆಯ ಲೆಕ್ಕ ಆಗುವುದಿಲ್ಲ. ಒಂದೇ ಮಾದರಿಯನ್ನು ಎರಡು ಹೆಸರಿನಲ್ಲಿ ಕೊಡಿ, ಎರಡರ ಅಂಕಿ ದೂರ ದೂರ ಬಂದರೆ ಯಾವುದನ್ನೂ ನಂಬಬೇಡಿ.

ಫಲಿತಾಂಶ ಒಣ ತೂಕದಲ್ಲಿ ಇರಬೇಕು. ಹಸಿ ಕೆಸರಿನಲ್ಲಿ ನೂರಕ್ಕೆ 60 ಪಾಲು ನೀರೇ ಇದ್ದರೆ, ಹಸಿ ತೂಕದಲ್ಲಿ ಕಿಲೋಗೆ 20 ಮಿಲಿಗ್ರಾಂ ಅಂತ ಬಂದದ್ದು ಒಣ ತೂಕದಲ್ಲಿ 50 ಆಗುತ್ತದೆ. ಈ ಒಂದು ಗೊಂದಲ ಸಾಕು, ಕೆಟ್ಟ ಕೆಸರು ಒಳ್ಳೆಯದಾಗಿ ಕಾಣಲು.

ಹೆಜ್ಜೆ 8: ಅಂಕಿಯನ್ನು ಓದುವುದು

ಉತ್ತರ ಅಮೆರಿಕದ ನೂರಾರು ಕಡೆಯ ಕೆಸರು ಮತ್ತು ಜೀವಿಗಳನ್ನು ನೋಡಿ ವಿಜ್ಞಾನಿಗಳು ಎರಡೆರಡು ಗೆರೆ ಎಳೆದಿದ್ದಾರೆ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ತೊಂದರೆ ಅಪರೂಪ. ಮೇಲಿನದನ್ನು ದಾಟಿದರೆ ತೊಂದರೆ ಆಗುವುದೇ ಹೆಚ್ಚು. ಸಿಹಿನೀರಿಗೆ 2000ದಲ್ಲಿ, ಅಳಿವೆ ಮತ್ತು ಸಮುದ್ರಕ್ಕೆ 1995ರಲ್ಲಿ ಬಂದ ಅಂಕಿಗಳು ಇವು. ಎಲ್ಲವೂ ಒಂದು ಕಿಲೋ ಒಣ ಕೆಸರಿಗೆ ಮಿಲಿಗ್ರಾಂ ಲೆಕ್ಕ.

ಸೀಸ: ಸಿಹಿನೀರು 35.8 ಮತ್ತು 128, ಅಳಿವೆ 46.7 ಮತ್ತು 218
ಕ್ಯಾಡ್ಮಿಯಂ: ಸಿಹಿನೀರು 0.99 ಮತ್ತು 4.98, ಅಳಿವೆ 1.2 ಮತ್ತು 9.6
ಪಾದರಸ: ಸಿಹಿನೀರು 0.18 ಮತ್ತು 1.06, ಅಳಿವೆ 0.15 ಮತ್ತು 0.71
ತಾಮ್ರ: ಸಿಹಿನೀರು 31.6 ಮತ್ತು 149, ಅಳಿವೆ 34 ಮತ್ತು 270
ಆರ್ಸೆನಿಕ್: ಸಿಹಿನೀರು 9.79 ಮತ್ತು 33, ಅಳಿವೆ 8.2 ಮತ್ತು 70
ಸತು: ಸಿಹಿನೀರು 121 ಮತ್ತು 459, ಅಳಿವೆ 150 ಮತ್ತು 410

ಇವು ನಮ್ಮ ಬಂಡೆಗಳನ್ನು ನೋಡಿ ಎಳೆದ ಗೆರೆಗಳಲ್ಲ. ಬಳ್ಳಾರಿ, ಸಂಡೂರಿನ ಹಳೆಯ ಹಸಿರು ಶಿಲೆಯಲ್ಲಿ ಕ್ರೋಮಿಯಂ, ನಿಕ್ಕಲ್ ಸಹಜವಾಗಿಯೇ ಹೆಚ್ಚಿರಬಹುದು. ಹಾಗಾಗಿ ಎರಡನೆಯ ಲೆಕ್ಕ ಬೇಕು. ಅಲ್ಯೂಮಿನಿಯಂ ಹೆಚ್ಚಾಗಿ ಬಂಡೆ, ಜೇಡಿಯಿಂದಲೇ ಬರುತ್ತದೆ, ಮಾಲಿನ್ಯದಿಂದ ಅಷ್ಟಾಗಿ ಏರುವುದಿಲ್ಲ. ಅದಕ್ಕೇ ಮಾದರಿಯ ಲೋಹವನ್ನು ಅದೇ ಮಾದರಿಯ ಅಲ್ಯೂಮಿನಿಯಂನಿಂದ ಭಾಗಿಸಿ. ಶುದ್ಧ ಜಾಗದ ಅಥವಾ ಪೈಪಿನ ತೀರಾ ಕೆಳಗಿನ ಪದರದ ಕೆಸರಿಗೂ ಹಾಗೇ ಮಾಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ ಮಾದರಿಯಲ್ಲಿ ಸೀಸ 60, ಅಲ್ಯೂಮಿನಿಯಂ ಶೇ. 6 ಅಂತ ಇಟ್ಟುಕೊಳ್ಳಿ. ಶುದ್ಧ ಜಾಗದಲ್ಲಿ ಸೀಸ 20, ಅಲ್ಯೂಮಿನಿಯಂ ಶೇ. 8. ಆಗ 10 ಭಾಗಿಸು 2.5, ಅಂದರೆ 4. ಸೀಸ ಸಹಜಕ್ಕಿಂತ ನಾಲ್ಕು ಪಟ್ಟು. ಒಂದರ ಆಸುಪಾಸು ಬಂದರೆ ಅದು ಬಂಡೆಯದ್ದೇ.

ಹಲವು ಕಡೆ ಈ ಲೆಕ್ಕವನ್ನು ಅಲ್ಯೂಮಿನಿಯಂ ಬದಲು ಕಬ್ಬಿಣದಿಂದ ಮಾಡುತ್ತಾರೆ. ಬಳ್ಳಾರಿಯ ಸುತ್ತ ಹಾಗೆ ಮಾಡಬೇಡಿ. ಅದಿರಿನ ಧೂಳಿನಿಂದ ಕಬ್ಬಿಣವೇ ಏರಿರುತ್ತದೆ. ಅದರಿಂದ ಭಾಗಿಸಿದರೆ ಬೇರೆಲ್ಲ ಲೋಹವೂ ಕಡಿಮೆ ಕಾಣುತ್ತದೆ, ಮಾಲಿನ್ಯ ಲೆಕ್ಕದೊಳಗೇ ಮುಚ್ಚಿಹೋಗುತ್ತದೆ.

ಹೆಜ್ಜೆ 9: ಮೂರು ಕಾಲಿನ ತೀರ್ಪು

ರಾಸಾಯನಿಕದ ಅಂಕಿ ಒಂದೇ ಸಾಲದು, ಜೀವಿಗಳ ಎಣಿಕೆ ಒಂದೇ ಸಾಲದು. ಮೂರನೆಯದು ವಿಷ ಪರೀಕ್ಷೆ. ಲ್ಯಾಬಿನಲ್ಲಿ ಆ ಕೆಸರಿನೊಳಗೆ ಆಂಫಿಪಾಡ್ ಎಂಬ ಸೀಗಡಿಯಂಥ ಸಣ್ಣ ಜೀವಿಗಳನ್ನು ಬಿಟ್ಟು ಹತ್ತು ದಿನ ಆದ ಮೇಲೆ ಎಷ್ಟು ಬದುಕಿವೆ ಅಂತ ನೋಡುತ್ತಾರೆ. ಸಿಹಿನೀರಿಗೆ ಕೈರೊನೊಮಸ್ ಮರಿಯನ್ನೂ ಬಳಸುತ್ತಾರೆ. ಇದು ಶಾಲೆಯಲ್ಲಿ ಆಗುವ ಕೆಲಸವಲ್ಲ, ಮೀನುಗಾರಿಕೆ ಅಥವಾ ಪರಿಸರ ವಿಜ್ಞಾನದ ವಿಭಾಗ ಇರುವ ವಿಶ್ವವಿದ್ಯಾಲಯವನ್ನು ಕೇಳಿ.

ಮೂರೂ ಕೆಟ್ಟು ಬಂದರೆ ಅನುಮಾನ ಬೇಡ. ಲೋಹ ಹೆಚ್ಚಿದ್ದು ಜೀವಿಗಳು ಚೆನ್ನಾಗಿದ್ದರೆ ಲೋಹ ಕಟ್ಟಿಹಾಕಿದ ಸ್ಥಿತಿಯಲ್ಲಿದೆ, ಅದನ್ನು ಕಲಕದಿರುವುದೇ ಲೇಸು. ಲೋಹ ಕಡಿಮೆ ಇದ್ದು ಜೀವಿಗಳು ಸತ್ತಿದ್ದರೆ ನೀವು ಅಳೆಯದ ಏನೋ ಇದೆ. ಆಮ್ಲಜನಕ, ಅಮೋನಿಯಾ, ಕೀಟನಾಶಕ ನೋಡಿ.

ಹೆಜ್ಜೆ 10: ಹೂಳೆತ್ತುವ ಮೊದಲು

ಈ ಮಾರ್ಗದರ್ಶಿ ಬರೆಯಲು ಕೂತದ್ದೇ ಈ ಹೆಜ್ಜೆಗಾಗಿ. ತುಂಗಭದ್ರೆಯ ಹೂಳೆತ್ತಬೇಕು ಅಂತ ನಮ್ಮ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ಹೂಳಿನಿಂದ ಕಳೆದುಕೊಂಡ ನೀರಿಗಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯದ ಯೋಜನೆಯೂ ಚರ್ಚೆಯಲ್ಲಿದೆ. ಕೆರೆಯ ಹೂಳನ್ನು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ತುಂಬಿ ಹೊಲಕ್ಕೆ ಹೊಡೆಯುವುದು ನಮ್ಮ ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ ಕೂಡ. ಆದರೆ ಊರಿನ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರಿದ ಕೆರೆಯ ಹೂಳನ್ನು ಪರೀಕ್ಷೆ ಮಾಡದೆ ಹೊಲಕ್ಕೆ ಹಾಕಬೇಡಿ. ಕ್ಯಾಡ್ಮಿಯಂ ಒಮ್ಮೆ ಹೊಲಕ್ಕೆ ಸೇರಿದರೆ ಸುಲಭವಾಗಿ ಹೊರಗೆ ಹೋಗುವುದಿಲ್ಲ, ಬೆಳೆಯೊಳಗೂ ಸೇರುತ್ತದೆ.

ಕೆರೆಯ ಬಾಯಿ, ನಡು, ಕಟ್ಟೆಯ ಹತ್ತಿರ, ಮೂರು ಕಡೆ ಪೈಪ್ ಇಳಿಸಿ ಮೇಲಿನ ಮತ್ತು ಕೆಳಗಿನ ಪದರ ಎರಡನ್ನೂ ಪರೀಕ್ಷಿಸಿ. ಹಳೆಯ ವಿಷ ಕೆಳಗಿದ್ದು ಮೇಲೆ ಶುದ್ಧ ಮಣ್ಣು ಕೂತಿರುವುದೂ ಉಂಟು, ಆಗ ಆಳಕ್ಕೆ ಅಗೆಯುವುದೇ ತಪ್ಪು. ಕಪ್ಪು ಕೆಸರನ್ನು ಹರಿಯುವ ನೀರಿನ ಪಕ್ಕ ರಾಶಿ ಹಾಕಬೇಡಿ. ನೀರು ಬತ್ತಿದ ಮೇಲೆ ಎತ್ತಿ, ನೀರು ಇದ್ದಾಗ ಕಲಕಬೇಡಿ. ಒಂದು ಮೂಲೆಯನ್ನಾದರೂ ಮುಟ್ಟದೆ ಬಿಡಿ. ಅಲ್ಲಿ ಉಳಿದ ಹುಳು, ಬಸವನಹುಳು, ಚಿಪ್ಪುಗಳಿಂದಲೇ ಮುಂದಿನ ಮಳೆಗೆ ಇಡೀ ತಳ ಮತ್ತೆ ತುಂಬಬೇಕು.

ಫಲಿತಾಂಶವನ್ನು ಅಂಕಿ, ಅಳತೆ, ದಿನ, ಜಾಗದ ಸಮೇತ ಕನ್ನಡದಲ್ಲೇ ಒಂದು ಹಾಳೆಗೆ ಬರೆದು ಗ್ರಾಮ ಪಂಚಾಯಿತಿ, ಮೀನುಗಾರರ ಸಂಘ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಮೂರಕ್ಕೂ ಕೊಟ್ಟು ಸ್ವೀಕೃತಿ ತಗೊಳ್ಳಿ. ಪ್ರತಿ ಮಾದರಿಯಿಂದ ಒಂದು ಹಿಡಿಯನ್ನು ನೆರಳಿನಲ್ಲಿ ಒಣಗಿಸಿ, ಮುಚ್ಚಿ, ಹೆಸರು ಬರೆದು ಶಾಲೆಯ ಕಪಾಟಿನಲ್ಲಿ ಇಡಿ. ಮುಂದಿನ ವರ್ಷ ಅದೇ ತಿಂಗಳು ಅದೇ ಮೂರು ಜಾಗಕ್ಕೆ ಅದೇ ಪೈಪ್ ಹಿಡಿದು ಹೋಗಿ.